ಅಕ್ಕನ ಹೆಜ್ಜೆ, ಭಾವನ ಕುಂಚ

ನಮ್ಮಕ್ಕನ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಬಣ್ಣ ಇರುತ್ತಿತ್ತು. ಕಲ್ಲಿನಿಂದ ಉಜ್ಜಿದರೂ ಹೋಗುತ್ತಿರಲಿಲ್ಲ. ಒಂದು ವಾರ ನೀಲಿ, ಇನ್ನೊಂದು ವಾರ ಹಳದಿ. ಅವಳು ಕೆಲಸ ಮಾಡುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯವಳು ಒಂದು ದಿನ ಬಗ್ಗಿ ನೋಡಿ, "ಇದೇನ್ರೀ, ಕಾಲಿಗೆ ಏನಾದ್ರೂ ಕಾಯಿಲೆನಾ? ಡಾಕ್ಟರಿಗೆ ತೋರಿಸಿದ್ರಾ?" ಎಂದು ಗಾಬರಿಯಿಂದ ಕೇಳಿದಳಂತೆ. "ತೋರಿಸಿದೀನಿ. ಇದಕ್ಕೆ ಮದ್ದಿಲ್ಲ ಅಂದ್ರು" ಎಂದು ಅಕ್ಕ ಮುಖ ಗಂಟು ಹಾಕಿಕೊಂಡು ಹೇಳಿ, ಮುಂದಿನ ಕರೆಗೆ ತಂತಿ ಸಿಕ್ಕಿಸಿದಳಂತೆ. ಸಂಜೆ ಮನೆಗೆ ಬಂದು ಅದನ್ನು ಅಭಿನಯಿಸಿ ತೋರಿಸಿದಾಗ ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಈಗ ಅಕ್ಕನೂ ಇಲ್ಲ, ಭಾವನೂ ಇಲ್ಲ. ನಾವು ಮಾಡುತ್ತಿದ್ದದ್ದು ಏನು ಎಂದು ಯಾರಾದರೂ ಕೇಳಿದರೆ ವಿವರಿಸುವ ಪಾಡು ನನ್ನ ತಲೆಗೆ ಬಿದ್ದಿದೆ. "ಅದು ಡ್ಯಾನ್ಸಾ, ಪೇಂಟಿಂಗಾ, ಸಂಗೀತ ಕಛೇರಿನಾ?" ಎಂದು ಕೇಳುತ್ತಾರೆ. ನಾಟಕ ಕಣ್ರೀ, ನಾಟಕ! ಅದರಲ್ಲಿ ಮೂರೂ ಇತ್ತು. ಯಾವುದೂ ಬೇರೆ ಬೇರೆ ಇರಲಿಲ್ಲ. ಇಷ್ಟು ಹೇಳಿದರೆ ಎದುರಿನವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅರ್ಥವಾಗಿಲ್ಲ ಎಂದು ಮುಖದಲ್ಲೇ ಕಾಣುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಈ ಸಲ ಮೊದಲಿಂದ ಹೇಳುತ್ತೇನೆ.

ಭಾವ ಬೋರ್ಡು ಬರೆಯುವವರು. ಅಂಗಡಿಗಳ ಬೋರ್ಡು, ಲಾರಿಗಳ ಹಿಂದಿನ ಅಕ್ಷರ, ಬಟ್ಟೆಯ ಬ್ಯಾನರು. ಮನೆಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು, ಅದರ ತುಂಬ ಡಬ್ಬಗಳು, ಸೀಮೆಎಣ್ಣೆಯ ವಾಸನೆ. ಮಾತು ಬಲು ಕಮ್ಮಿ. ಅವರು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮತ್ತು ಆಕಳಿಕೆಗೆ. ಅಕ್ಕನೋ, ದಿನವಿಡೀ ಊರಿನವರ ಮಾತನ್ನೆಲ್ಲ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ದಾಟಿಸುವ ಕೆಲಸದವಳು. ಮನೆಗೆ ಬಂದ ಮೇಲೂ ಬಾಯಿಗೆ ಬಿಡುವಿಲ್ಲ. ಚಿಕ್ಕವಳಿದ್ದಾಗಿನಿಂದ ನೃತ್ಯ ಕಲಿತಿದ್ದಳು. ಕುಣಿಯದೆ ಅಡುಗೆಮನೆಯಿಂದ ಬಾಗಿಲವರೆಗೆ ನಡೆಯುವುದೂ ಅವಳಿಗೆ ಬರುತ್ತಿರಲಿಲ್ಲ. ನಾನು ಪಿಟೀಲು ಕಲಿಯುತ್ತಿದ್ದೆ. "ನಿನ್ನ ಕುಯ್ಯೋದು ಹೊರಗೆಲ್ಲಾದ್ರೂ ಹೋಗಿ ಕುಯ್ಕೋ, ನನ್ನ ತಲೆ ಸಿಡೀತಿದೆ" ಎಂದು ಅಮ್ಮ ಅಟ್ಟಿದ್ದರಿಂದ ಭಾವನ ಶೆಡ್ಡಿನ ಮೂಲೆಯೇ ನನಗೆ ಗತಿಯಾಗಿತ್ತು. ಭಾವ ನನ್ನನ್ನು ಪಿಟೀಲಮ್ಮ ಎಂದು ಕರೆಯುತ್ತಿದ್ದರು. ನನ್ನ ಅಪಸ್ವರಗಳನ್ನು ಸಹಿಸಿಕೊಂಡ ಮೊದಲ ಮನುಷ್ಯ ಅವರೇ.

ಅವರ ಮದುವೆಯಾದ ಹೊಸತು. ಕುರ್ಚಿಮೇಜಿನ ಅಂಗಡಿಯೊಂದಕ್ಕೆ ಭಾವ ಉದ್ದನೆಯ ಬ್ಯಾನರು ಬರೆದು ನೆಲದ ಮೇಲೆ ಒಣಗಲು ಹಾಸಿದ್ದರು. ನಾನು ಮೂಲೆಯಲ್ಲಿ ನುಡಿಸುತ್ತಿದ್ದೆ. ಅಕ್ಕ ಚಹಾ ತಂದವಳು, ನನ್ನ ತಾಳಕ್ಕೆ ಹೆಜ್ಜೆ ಹಾಕುತ್ತಾ, ಕಣ್ಣು ಲೋಟದ ಮೇಲಿಟ್ಟುಕೊಂಡು, ಹಸಿ ಬ್ಯಾನರಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದುಬಿಟ್ಟಳು! ಕೆಂಪು ಅಕ್ಷರಗಳ ಮೇಲೆಲ್ಲ ಅವಳ ಪಾದ. ಈಗ ಆಗುತ್ತದೆ ನೋಡು ರಾಮಾಯಣ ಎಂದುಕೊಂಡೆ. ಭಾವ ಸ್ವಲ್ಪ ಹೊತ್ತು ಬ್ಯಾನರನ್ನೇ ನೋಡಿದರು. ಆಮೇಲೆ ಕುಂಚ ಎತ್ತಿಕೊಂಡು ಒಂದು ಹೆಜ್ಜೆಯ ಪಕ್ಕದಲ್ಲಿ ಏನೋ ಎಳೆದರು. ಅಕ್ಕ ಅದರ ಪಕ್ಕದಲ್ಲಿ ಇನ್ನೊಂದು ಹೆಜ್ಜೆ ಇಟ್ಟಳು. ಅವರು ಮತ್ತೆ ಎಳೆದರು. "ಪಿಟೀಲಮ್ಮ, ನಿಲ್ಲಿಸಬೇಡ" ಎಂದರು. ಚಹಾ ಆರಿ ತಣ್ಣಗಾಯಿತು. ಅಂಗಡಿಯವನಿಗೆ ಮರುದಿನ ಬೇರೆ ಬ್ಯಾನರು ಬರೆದುಕೊಡಬೇಕಾಯಿತು. ಅವನು ಬೈದದ್ದನ್ನು ಭಾವ ಎಂದಿನಂತೆ ಮೌನವಾಗಿ ಕೇಳಿಸಿಕೊಂಡರು.

ನಮ್ಮ ನಾಟಕ ಹುಟ್ಟಿದ್ದು ಹೀಗೆ. ಅದಕ್ಕೆ ಜಾಗವಾಗಿ ಸಿಕ್ಕಿದ್ದು ರೈಲು ಹಳಿಯ ಪಕ್ಕದ ಹಳೆಯ ಹತ್ತಿ ಗೋದಾಮು. ಹಿಂದೆ ಅಲ್ಲಿ ಹತ್ತಿಯ ಮೂಟೆ ಎತ್ತಲು ತೊಲೆಗೆ ದೊಡ್ಡ ರಾಟೆಯೊಂದನ್ನು ಕಟ್ಟಿದ್ದರು. ಗೋದಾಮು ಖಾಲಿಯಾದರೂ ರಾಟೆ ಉಳಿದಿತ್ತು, ಮೂಟೆ ಎತ್ತುತ್ತಿದ್ದ ಆಳೂ ಉಳಿದಿದ್ದ. ಅವನನ್ನು ನಾವೆಲ್ಲ ಹಗ್ಗದಣ್ಣ ಎನ್ನುತ್ತಿದ್ದೆವು. ಬಾಗಿಲು ಕಾಯುವುದು ಅವನ ಕೆಲಸ, ನಮ್ಮನ್ನು ಗೇಲಿ ಮಾಡುವುದು ಹವ್ಯಾಸ.

ಆಟ ಹೀಗಿತ್ತು. ನೆಲದ ಮೇಲೆ ಬಿಳಿಯ ಒರಟು ಬಟ್ಟೆ, ಒಂದು ದೊಡ್ಡ ಕೋಣೆಯಷ್ಟು ಅಗಲ. ಅಕ್ಕನೂ ನಾನೂ ಹೊಲಿಗೆ ಯಂತ್ರದಲ್ಲಿ ಜೋಡಿಸಿದ್ದು. ಅದರ ಒಂದು ಅಂಚಿನಲ್ಲಿ ತಟ್ಟೆಗಳಲ್ಲಿ ಬಣ್ಣ. ಬಣ್ಣದ ಪುಡಿಗೆ ತೆಳುವಾದ ಅಂಟು ಬೆರೆಸಿ, ಅಕ್ಕ ಜಾರಬಾರದೆಂದು ಭಾವ ಅದಕ್ಕೆ ಜರಡಿ ಹಿಡಿದ ನುಣ್ಣನೆಯ ಮರಳು ಹಾಕುತ್ತಿದ್ದರು. ಅಕ್ಕ ತಟ್ಟೆಯಲ್ಲಿ ಪಾದ ಅದ್ದಿ ಬಟ್ಟೆಯ ಮೇಲೆ ಕುಣಿಯುವಳು. ಭಾವ ಮಂಡಿಯೂರಿ, ಪೊರಕೆಯ ಕೋಲಿಗೆ ಕಟ್ಟಿದ ಉದ್ದನೆಯ ಕುಂಚದಿಂದ ಅವಳ ಹೆಜ್ಜೆಗೆ ಉತ್ತರ ಕೊಡುವರು. ನಾನು ಒಂದು ಮೂಲೆಯ ಸ್ಟೂಲಿನ ಮೇಲೆ ಕುಳಿತು ಇಬ್ಬರಿಗೂ ನುಡಿಸುವೆ. ಕಥೆ ಒಂದೇ: ಕೆಲಸ ಮುಗಿಸಿದ ಹೆಂಗಸೊಬ್ಬಳು ಮನೆಗೆ ಹೊರಡುತ್ತಾಳೆ, ದಾರಿ ತಪ್ಪುತ್ತಾಳೆ, ಕೊನೆಗೆ ಮನೆ ಸೇರುತ್ತಾಳೆ. ಮಾತು ಇರಲಿಲ್ಲ. ದಾರಿ ಎಲ್ಲಿ ತಪ್ಪಬೇಕು, ಮನೆ ಬಟ್ಟೆಯ ಯಾವ ಮೂಲೆಯಲ್ಲಿರಬೇಕು ಎಂದು ಯಾರೂ ಮೊದಲೇ ನಿರ್ಧರಿಸುವಂತಿಲ್ಲ. ಹೆಜ್ಜೆ ಮೊದಲು, ಕುಂಚ ಆಮೇಲೆ. ನಮ್ಮಲ್ಲಿ ಇದ್ದ ಕಾನೂನು ಇದೊಂದೇ.

ಕೊನೆಗೆ ಹಗ್ಗದಣ್ಣ ಹಗ್ಗ ಎಳೆಯುವನು. ರಾಟೆ ಕಿರುಗುಟ್ಟುವುದು. ಬಟ್ಟೆಯ ಒಂದಂಚು ನಿಧಾನವಾಗಿ ಮೇಲೇಳುತ್ತಾ, ಬಣ್ಣ ತೊಟ್ಟಿಕ್ಕುತ್ತಾ, ತೊಲೆಯವರೆಗೆ ಏರಿ ನಿಲ್ಲುವುದು. ಆಗಲೇ ಜನರಿಗೂ ನಮಗೂ ಆ ದಿನದ ಚಿತ್ರ ಮೊದಲ ಸಲ ಪೂರ್ತಿ ಕಾಣುವುದು. ಅಕ್ಕ ಬೆವರು ಒರೆಸಿಕೊಳ್ಳುತ್ತಾ ತಲೆಯೆತ್ತಿ ನೋಡುವಳು. "ಅಯ್ಯೋ, ನಾನು ಅಲ್ಲಿಗೂ ಹೋಗಿದ್ನಾ!" ಎಂದು ಅಚ್ಚರಿಪಡುವಳು. ಮರುದಿನ ಬಟ್ಟೆಯನ್ನು ತೊಟ್ಟಿಯಲ್ಲಿ ನೆನೆಸಿ ಒಗೆದುಬಿಡುತ್ತಿದ್ದೆವು. ಹಿತ್ತಿಲ ಚರಂಡಿಯಲ್ಲಿ ಕೆಂಪುನೀಲಿ ನೀರು ಹರಿಯುವುದನ್ನು ನೋಡಿ ನೆರೆಮನೆಯವರು ಏನೇನು ಅಂದುಕೊಂಡರೋ ದೇವರೇ ಬಲ್ಲ.

ಜನ ಬರುತ್ತಿದ್ದರೇ ಎಂದರೆ, ಬರುತ್ತಿದ್ದರು. ಕೆಲವು ಸಲ ಬೆಂಚು ತುಂಬುತ್ತಿತ್ತು, ಕೆಲವು ಸಲ ಮಳೆಗೆ ನಿಲ್ಲಲು ಬಂದವರನ್ನೂ ಸೇರಿಸಿಕೊಂಡು ಒಂದು ಬೆಂಚು. ಒಬ್ಬ ಮುದುಕರಂತೂ ಪ್ರತಿ ಸಲ ಬಂದು ಮುಂದಿನ ಸಾಲಿನಲ್ಲಿ ಕುಳಿತು ನಿದ್ದೆ ಮಾಡುತ್ತಿದ್ದರು. ರಾಟೆಯ ಸದ್ದಿಗೆ ಎಚ್ಚರವಾಗಿ, ಚಿತ್ರ ನೋಡಿ, "ಭೇಷ್" ಎಂದು ಎದ್ದು ಹೋಗುತ್ತಿದ್ದರು. ನನಗೆ ಅವರನ್ನು ಕಂಡರೆ ಕೋಪ. ಅಕ್ಕ ಮಾತ್ರ, "ಪಾಪ, ನಿನ್ನ ಪಿಟೀಲಿಗೆ ನಿದ್ದೆ ಬರುತ್ತೆ ಅಂದ್ರೆ ಅದೂ ಒಂದು ಗುಣಾನೇ ಬಿಡು" ಎಂದು ನನ್ನನ್ನೇ ಚುಡಾಯಿಸುತ್ತಿದ್ದಳು.

ಗಂಡಹೆಂಡತಿಯ ಜಗಳಗಳೂ ಆ ಬಟ್ಟೆಯ ಮೇಲೆಯೇ ಇತ್ಯರ್ಥವಾಗುತ್ತಿದ್ದವು. ಬಚ್ಚಲ ನಲ್ಲಿ ಸೋರುತ್ತಿದೆ, ಸರಿಮಾಡಿಸಿ ಎಂದು ಅಕ್ಕ ಹೇಳಿ ಹೇಳಿ ಸೋತಿದ್ದಳು. ಭಾವ ಹೂಂ ಎನ್ನುವುದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಒಂದು ಸಂಜೆ ಆಟದಲ್ಲಿ ಭಾವ ಬಹಳ ಆಸ್ಥೆಯಿಂದ ಒಂದು ಹಳದಿ ಮನೆ ಬರೆದರು, ಕಿಟಕಿಗಳ ಸಮೇತ. ಅಕ್ಕ ತಟ್ಟೆಯಲ್ಲಿ ಎರಡೂ ಕಾಲು ಅದ್ದಿ ಬಂದು ಆ ಮನೆಯನ್ನು ನೀಲಿಯಲ್ಲಿ ತುಳಿದು ತುಳಿದು ಕೆರೆ ಮಾಡಿಬಿಟ್ಟಳು! ಭಾವನೂ ಬಿಡಲಿಲ್ಲ, ಆ ಕೆರೆಯಲ್ಲಿ ಒಂದು ಪುಟ್ಟ ದೋಣಿ ಬರೆದು, ಅದರಲ್ಲಿ ಹಾಯಾಗಿ ಮಲಗಿದ ಗಂಡಸೊಬ್ಬನನ್ನು ಬರೆದರು. ನನಗೆ ನಗು ತಡೆಯಲಾರದೆ ಪಿಟೀಲಿನ ಕಮಾನು ಅಡ್ಡಾದಿಡ್ಡಿ ಓಡಿತು. ಜನ ಅದನ್ನು ಬದುಕು, ಪ್ರವಾಹ ಎಂದೆಲ್ಲ ಗಂಭೀರವಾಗಿ ಚರ್ಚಿಸುತ್ತಾ ಹೋದರು. ಮಾರನೆಯ ದಿನ ನಲ್ಲಿ ರಿಪೇರಿಯಾಯಿತು.

ಹೀಗೇ ವರ್ಷಗಳು ಹೋದವು. ಎಂಥ ಒಳ್ಳೆಯ ವರ್ಷಗಳು! ಆ ಮರಳಿನ ಬಣ್ಣದ ವಾಸನೆ, ಆಟ ಮುಗಿದ ಮೇಲೆ ಹಿಂದಿನ ಕೋಣೆಯ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಅಕ್ಕ "ಆಹಾ" ಎನ್ನುತ್ತಿದ್ದದ್ದು, ಭಾವ ಮಂಡಿ ಹಿಡಿದುಕೊಂಡು ಏಳುತ್ತಿದ್ದದ್ದು. ಗೋದಾಮಿನಲ್ಲಿ ಈಗ ಟೈಲ್ಸ್ ಮಾರುತ್ತಾರೆ. ಒಮ್ಮೆ ಹೋಗಿ ಸುಮ್ಮನೆ ನಿಂತು ಬಂದೆ. ಏನು ಬೇಕು ಮೇಡಂ ಎಂದು ಹುಡುಗಿಯೊಬ್ಬಳು ಕೇಳಿದಳು.

ಒಂದು ಬೆಳಿಗ್ಗೆ ಎಕ್ಸ್‌ಚೇಂಜಿನಲ್ಲಿ ಅಕ್ಕ ಒಂದು ಕರೆ ಜೋಡಿಸಲು ಎಡಗೈ ಚಾಚಿದಳು. ಕೈ ತಂತಿಯವರೆಗೆ ಹೋಗಲಿಲ್ಲ. ಏನಿದು ಎಂದು ಎದ್ದು ನಿಲ್ಲಲು ನೋಡಿದಳು, ಎಡಗಾಲು ಮಡಚಿಕೊಂಡಿತು. ಪಕ್ಕದ ಕುರ್ಚಿಯವಳು ಹಿಡಿದುಕೊಳ್ಳದಿದ್ದರೆ ತಲೆ ಒಡೆಯುತ್ತಿತ್ತು. ಪಾರ್ಶ್ವವಾಯು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮಾತೂ ತೊದಲುತ್ತಿತ್ತು. ಕೆಲವು ವಾರಗಳಲ್ಲಿ ಮಾತು ಸ್ಪಷ್ಟವಾಯಿತು, ಕೈ ಸಾಕಷ್ಟು ಸುಧಾರಿಸಿತು. ಎಡಗಾಲು ಮಾತ್ರ ಎತ್ತಿದಷ್ಟು ಏಳಲಿಲ್ಲ. ಬಲಗಾಲು ಮುಂದೆ ಇಟ್ಟು ಎಡಗಾಲನ್ನು ಹಿಂದಿನಿಂದ ಎಳೆದುಕೊಳ್ಳಬೇಕು. ಇನ್ನು ಇಷ್ಟೇ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಮನೆಗೆ ಬಂದ ಮೇಲೆ ಅಕ್ಕ ಆ ದೊಡ್ಡ ಬಟ್ಟೆಯನ್ನು ಮಡಚಿಸಿ ಕಪಾಟಿನ ಮೇಲೆ ಇಡಿಸಿದಳು. "ಕುಣಿಯೋದು ಮುಗೀತು. ಇನ್ಮೇಲೆ ಕಾಲು ಅಂದ್ರೆ ನಡೆಯೋಕೆ" ಎಂದಳು. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡಳು. ಹರಟೆಮಲ್ಲಿ ನಮ್ಮಕ್ಕ, ಆ ವರ್ಷವೆಲ್ಲ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಹಿಮ್ಮಡಿ ಬೆಳ್ಳಗಾಯಿತು. ಅದನ್ನು ನೋಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು. ಭಾವ ಶೆಡ್ಡಿನಲ್ಲಿ ಬೋರ್ಡು ಬರೆಯುವರು, ಹೊತ್ತಿಗೆ ಸರಿಯಾಗಿ ಅವಳಿಗೆ ಮಾತ್ರೆ ಕೊಡುವರು, ಕಾಲು ನೀವುವರು. ನಲ್ಲಿ ಸೋರುವ ಮೊದಲೇ ರಿಪೇರಿ ಮಾಡಿಸುವರು. ಜಗಳವೇ ಇಲ್ಲದ ಆ ಮನೆಯಲ್ಲಿ ಕೂತರೆ ನನಗೆ ಉಸಿರು ಕಟ್ಟುತ್ತಿತ್ತು.

ಆ ಬಿಗುವನ್ನು ಒಡೆದವನು ಹಗ್ಗದಣ್ಣ. ಒಂದು ಭಾನುವಾರ ನೋಡಲು ಬಂದವನು, ಎಲ್ಲರ ಹಾಗೆ ಅಯ್ಯೋ ಪಾಪ ಎನ್ನಲಿಲ್ಲ. ಚಹಾ ಹೀರುತ್ತಾ, "ಏನಮ್ಮಾ, ಯಾವಾಗ ಬರ್ತೀಯ? ರಾಟೆ ತುಕ್ಕು ಹಿಡೀತಾ ಇದೆ" ಎಂದ.

"ನೋಡು ನನ್ನ ಕಾಲು" ಎಂದು ಅಕ್ಕ ಎಡಗಾಲು ತೋರಿಸಿದಳು.

"ನೋಡಿದೆ. ಅಲ್ಲೇ ಇದೆಯಲ್ಲ. ಕಳ್ಕೊಂಡಿದೀಯೇನೋ ಅಂತ ಬಂದೆ."

ನಾನು ಅವನನ್ನು ಸುಟ್ಟುಬಿಡುವ ಹಾಗೆ ನೋಡಿದೆ. ಅಕ್ಕ ಮಾತ್ರ ಪಕ್ಕನೆ ನಕ್ಕಳು. ಆಮೇಲೆ ಭಾವನ ಕಡೆ ತಿರುಗಿದಳು. "ರೀ, ಒಂದು ಸಲ ಮಾಡೋಣ. ಆದ್ರೆ ಈಗಲೇ ಹೇಳಿಬಿಡ್ತೀನಿ. ನನ್ನ ಕೈ ಯಾರೂ ಹಿಡ್ಕೋಬಾರದು. ಬಿದ್ರೆ ಬೀಳ್ತೀನಿ. ಜನ ಆಟ ನೋಡಿದ್ರೆ ಸರಿ. ರೋಗಿನ ನೋಡೋಕೆ ಬಂದ ಹಾಗಾಯ್ತೋ, ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲ್ಲ." ಭಾವ ಹೂಂ ಎಂದರು. ಅವರ ಕಣ್ಣು ತುಂಬಿತ್ತು.

ಆಟದ ದಿನ ಬೆಂಚುಗಳೆಲ್ಲ ತುಂಬಿದ್ದವು. ಅಕ್ಕ ನೀಲಿಯ ತಟ್ಟೆಯಲ್ಲಿ ಎರಡೂ ಪಾದ ಅದ್ದಿ ಬಟ್ಟೆಯ ಮೇಲೆ ಬಂದಳು. ಬಲಗಾಲಿನ ಹೆಜ್ಜೆ ಮೊದಲಿನಂತೆಯೇ ದುಂಡಗೆ ಮೂಡಿತು. ಎಡಗಾಲಿನದು ಹೆಜ್ಜೆಯಲ್ಲ, ಗೆರೆ. ಅವಳು ನಡೆದಷ್ಟೂ ಉದ್ದಕ್ಕೆ ಒಂದು ನಡುಗುವ ನೀಲಿ ಗೆರೆ, ಅವಳ ಹಿಂದೆಯೇ ಬರುತ್ತಿತ್ತು. ನಾನು ಕಮಾನನ್ನು ತಂತಿಯಿಂದ ಎತ್ತದೆ ಅದಕ್ಕೆ ತಕ್ಕಂತೆ ಎಳೆದೆ. ಭಾವ ಮಂಡಿಯೂರಿ ಹಿಂಬಾಲಿಸಿದರು. ಅವರ ಕೈ ಅಷ್ಟು ಚುರುಕಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ. ಗೆರೆ ಬಿದ್ದ ಬೆನ್ನಿಗೆ ಅದರ ಮೇಲೆ ಕುಂಚ. ಹಸಿರು, ಬಿಳಿ, ಹಳದಿ. ಅಕ್ಕ ಮುಂದೆ ನೋಡುತ್ತಾ ನಡೆಯುತ್ತಿದ್ದಳು, ಹಿಂದೆ ಏನಾಗುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಹಗ್ಗದಣ್ಣ ಬಟ್ಟೆ ಎತ್ತಿದ. ನಿಜ ಹೇಳಬೇಕೆಂದರೆ, ನಮ್ಮ ಅಷ್ಟು ವರ್ಷಗಳ ಆಟಗಳಲ್ಲಿ ಅಷ್ಟು ಚಂದದ ಚಿತ್ರ ಬಂದಿರಲಿಲ್ಲ. ತೊರೆಗಳು, ತೊರೆಯ ಮೇಲೆ ಬಾಗಿದ ಹುಲ್ಲು, ಬಳ್ಳಿ, ಎಲೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ಅಕ್ಕ ತಲೆಯೆತ್ತಿ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ಏನನ್ನೋ ಹುಡುಕಿದಳು. ಆಮೇಲೆ ಜನರ ಕಡೆ ತಿರುಗದೆ, ಕಾಲೆಳೆದುಕೊಂಡು ಹಿಂದಿನ ಕೋಣೆಗೆ ಹೋಗಿಬಿಟ್ಟಳು.

ನಾವು ಒಳಗೆ ಹೋದಾಗ ಕಾಲನ್ನು ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದಳು.

"ನನ್ನ ಎಡಗಾಲು ಎಲ್ಲಿ?" ಎಂದಳು.

ಭಾವನಿಗೆ ಅರ್ಥವಾಗಲಿಲ್ಲ. "ಎಲ್ಲರೂ ಎಷ್ಟು ಮೆಚ್ಚಿಕೊಂಡ್ರು, ನೋಡಿದ್ಯಾ?"

"ನೋಡಿದೆ. ಚೆನ್ನಾಗಿದೆ. ಬಲಗಾಲಿಂದು ಅಲ್ಲಲ್ಲಿ ಇದೆ. ಎಡಗಾಲಿಂದು ಒಂದೂ ಇಲ್ಲ. ಮುಚ್ಚಿಬಿಟ್ರಿ. ಅಂಗುಲ ಬಿಡದ ಹಾಗೆ ಮುಚ್ಚಿಬಿಟ್ರಿ."

"ಜನ ನೋಡ್ತಾರಲ್ಲ, ನಿನಗೆ ಬೇಜಾರಾಗುತ್ತೆ ಅಂತ..."

"ಜನ ನೋಡಲಿ ಅಂತ ತಾನೇ ನಾನು ಹೋಗಿದ್ದು!" ಅಕ್ಕ ಕಿರುಚಿದಳು. ಬಕೆಟ್ಟು ಉರುಳಿ ನೀಲಿ ನೀರು ಕೋಣೆಯೆಲ್ಲ ಹರಡಿತು. "ಬೇರೆಯವರು ಪಾಪ ಅಂದ್ರೆ ಸಹಿಸ್ಕೋತಿದ್ದೆ. ನೀವು ಪಾಪ ಅಂದ್ರಿ. ಬಣ್ಣದಲ್ಲಿ ಅಂದ್ರಿ. ಮುಗೀತು, ಇನ್ನು ನಾನು ಕಾಲಿಡಲ್ಲ."

ನಾನು ನೆಲ ಒರೆಸಿದೆ. ಒರೆಸುತ್ತಾ ಅತ್ತೆ. ಭಾವ ಗೋಡೆಗೆ ಒರಗಿ ನಿಂತೇ ಇದ್ದರು.

ಆಮೇಲೆ ಆ ಮನೆಯಲ್ಲಿ ಇದ್ದಬದ್ದ ಮಾತೂ ನಿಂತಿತು. ಅಕ್ಕ ಮುಖ ಊದಿಸಿಕೊಂಡು ಕಿಟಕಿಯ ಕಡೆ, ಭಾವ ಮುಖ ಇಳಿಬಿಟ್ಟುಕೊಂಡು ಶೆಡ್ಡಿನ ಕಡೆ. ಒಂದು ದಿನ ಭಾವ ನಮ್ಮ ಮನೆಗೆ ಬಂದರು. ಕೂತು, ಎದ್ದು, ಮತ್ತೆ ಕೂತು, "ಪಿಟೀಲಮ್ಮ, ನಾನು ಮಾಡಿದ ತಪ್ಪೇನು? ಪ್ರೀತಿಯಿಂದ ತಾನೇ ಮಾಡಿದ್ದು?" ಎಂದು ಕೇಳಿದರು.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಭಾವ, ಅವಳು ನಿಮ್ಮ ಹಳದಿ ಮನೆ ತುಳಿದಾಗ ಅವಳ ಹೆಜ್ಜೆ ಮುಚ್ಚಿದ್ರಾ?"

"ಇಲ್ಲ. ದೋಣಿ ಬರೆದೆ."

"ಯಾಕೆ?"

"ಸಿಟ್ಟು ಬಂದಿತ್ತು."

"ಅಷ್ಟೇ ನೋಡಿ. ಆಗ ಸರಿಸಮಾನವಾಗಿ ಜಗಳ ಆಡಿದ್ರಿ. ಈಗ ಜಗಳಕ್ಕೂ ಲಾಯಕ್ಕಿಲ್ಲ ಅನ್ನೋ ಹಾಗೆ ನಡ್ಕೊಂಡ್ರಿ. ಹೆಜ್ಜೆ ಮೊದಲು ಅಂತ ಕಾನೂನು ಇಟ್ಟಿದ್ದು ಯಾರು, ನಾನಾ? ಹೆಜ್ಜೆನೇ ಅಳಿಸಿದ ಮೇಲೆ ಅದಕ್ಕೆ ಉತ್ತರ ಎಲ್ಲಿಂದ ಬಂತು?"

ಭಾವ ತಮ್ಮ ಅಂಗೈ ನೋಡಿಕೊಂಡರು. "ನನಗೆ ಅದನ್ನ ನೋಡೋಕೆ ಆಗಲಿಲ್ಲಮ್ಮ" ಎಂದರು. "ಅವಳ ಕಾಲು ಆ ತರ ಎಳ್ಕೊಂಡು ಬರ್ತಿತ್ತಲ್ಲ, ನನ್ನ ಕೈಲಿ ನೋಡೋಕೆ ಆಗಲಿಲ್ಲ. ಅದಕ್ಕೆ ಮುಚ್ಚಿದೆ." ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. "ಇದನ್ನ ನನಗೆ ಹೇಳಿ ಏನು ಪ್ರಯೋಜನ? ಅವಳಿಗೆ ಹೇಳಿ" ಎಂದೆ.

ಹೇಳಿದರೋ ಬಿಟ್ಟರೋ ನನಗೆ ಗೊತ್ತಿಲ್ಲ, ಗಂಡಹೆಂಡತಿಯ ಮಾತು. ಆದರೆ ಕೆಲವು ದಿನಗಳ ನಂತರ ನಾನಿದ್ದಾಗಲೇ ಭಾವ, ಒಗೆದು ಮತ್ತೆ ಕಪಾಟಿನ ಮೇಲೆ ಇಟ್ಟಿದ್ದ ಬಟ್ಟೆ ಇಳಿಸಿ ಅಕ್ಕನ ಮುಂದೆ ಇಟ್ಟರು. "ಇನ್ನೊಂದು ಸಲ ಬಾ. ನಾನು ಕುಂಚ ಮುಟ್ಟಲ್ಲ" ಎಂದರು.

"ಕುಂಚ ಮುಟ್ಟದೆ ಅಲ್ಲೇನು ಮಾಡ್ತೀರಿ? ನೊಣ ಹೊಡೀತೀರಾ?"

"ನೋಡ್ತೀನಿ. ನೀನು ನಡೆಯೋದನ್ನ ನೋಡ್ತೀನಿ."

ಅಕ್ಕ ಅವರ ಮುಖವನ್ನೇ ನೋಡಿದಳು. ಎಷ್ಟು ನಂಬಬಹುದು ಎಂದು ಅಳೆಯುವ ನೋಟ. "ಈ ಸಲವೂ ಕೈಯಾಡಿಸಿದ್ರೋ, ಮನೆ ಬಟ್ಟೆ ಎರಡನ್ನೂ ನಿಮ್ಮ ತಲೆ ಮೇಲೆ ಹೊದಿಸಿ ಹೋಗ್ತೀನಿ" ಎಂದಳು. ಬರುತ್ತೇನೆ ಎಂದು ಹೇಳಲಿಲ್ಲ, ಆದರೆ ಅಂದು ಸಂಜೆ ಹರಿದ ಅಂಚಿಗೆ ತಾನೇ ಹೊಲಿಗೆ ಹಾಕುತ್ತಾ ಕೂತಳು. ಇದು ಕೊನೆಯ ಅವಕಾಶ ಎಂದು ಮೂವರಿಗೂ ಗೊತ್ತಿತ್ತು. ಈ ಸಲ ಕೆಟ್ಟರೆ ಅವಳು ಆ ಕಿಟಕಿಯಿಂದ ಮತ್ತೆ ಏಳುವವಳಲ್ಲ.

ಆಟದ ಸಂಜೆ ಜನ ಕಮ್ಮಿ, ಬೆಂಚುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಭಾವ ಬಟ್ಟೆಯ ಅಂಚಿನಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತರು. ಕುಂಚಗಳೆಲ್ಲ ಪಕ್ಕದ ಡಬ್ಬದಲ್ಲಿ. ಅಕ್ಕ ನೀಲಿಯಲ್ಲಿ ಕಾಲದ್ದಿ ಹೊರಟಳು. ಬಲಗಾಲು, ಗೆರೆ. ಬಲಗಾಲು, ಗೆರೆ. ಬಿಳಿಯ ಬಟ್ಟೆಯ ಮೇಲೆ ಅದನ್ನು ಬಿಟ್ಟು ಬೇರೇನೂ ಇಲ್ಲ. ಹಿಂದಿನ ಸಲ ಹಸಿರಿನಲ್ಲಿ ಕಾಣದೇ ಹೋದದ್ದು ಈಗ ಎಲ್ಲರ ಕಣ್ಣೆದುರು ಬಿದ್ದಿತ್ತು. ಯಾರೋ ಗಂಟಲು ಸರಿಮಾಡಿಕೊಂಡರು. ಇನ್ಯಾರೋ ಪಿಸುಗುಟ್ಟಿದರು. ನಾನು ನುಡಿಸುತ್ತಲೇ ಇದ್ದೆ.

ನಟ್ಟನಡುವೆ, ತಿರುವೊಂದರಲ್ಲಿ, ಅಕ್ಕ ತೂರಾಡಿದಳು. ಇಡೀ ಗೋದಾಮು ಹಾ ಎಂದಿತು. ಭಾವ ಅರ್ಧ ಎದ್ದೇಬಿಟ್ಟಿದ್ದರು. ನಾನು ಮನಸ್ಸಿನಲ್ಲೇ, ಬೇಡ ಭಾವ, ಬೇಡ, ದಮ್ಮಯ್ಯ ಕೂತ್ಕೊಳ್ಳಿ ಎಂದು ಕೂಗಿಕೊಂಡೆ. ಅವರು ಎರಡೂ ಕೈಗಳಿಂದ ತಮ್ಮ ಮಂಡಿಗಳನ್ನು ಬಿಗಿಯಾಗಿ ಹಿಡಿದುಕೊಂಡು ಮತ್ತೆ ಕುಳಿತರು. ಆದರೆ ಕಣ್ಣು ಮುಚ್ಚಲಿಲ್ಲ, ತಿರುಗಿಸಲಿಲ್ಲ. ಅವಳ ಕಾಲನ್ನೇ ನೋಡುತ್ತಿದ್ದರು. ಅಕ್ಕ ಸಾವರಿಸಿಕೊಂಡಳು, ನಿಂತು ಉಸಿರೆಳೆದುಕೊಂಡಳು.

ಆಮೇಲೆ ಅವಳು ದಾರಿ ಬದಲಿಸಿದಳು. ನೇರವಾಗಿ ಭಾವನ ಕಡೆಗೇ ಕಾಲೆಳೆಯುತ್ತಾ ಬಂದು ಅವರ ಮಂಡಿಯ ಮುಂದೆ ನಿಂತಳು. ಬಲಗಾಲನ್ನು ಒಮ್ಮೆ ತಪ್ಪನೆ ಬಡಿದಳು. ಭಾವ ಅಲುಗಲಿಲ್ಲ. ಅಕ್ಕ ಇನ್ನೊಮ್ಮೆ ಬಡಿದಳು. ಅವರ ಅಂಗಿಯ ಮೇಲೆಲ್ಲ ನೀಲಿ ಸಿಡಿಯಿತು. ಅಷ್ಟು ವರ್ಷ ಆ ಮೂಲೆಯಲ್ಲಿ ಕುಳಿತು ನೋಡಿದ ನನಗೆ ಅದು ಏನೆಂದು ಗೊತ್ತಾಗದೆ ಇರುತ್ತದೆಯೇ? ಕಾಲು ಕೆರೆದುಕೊಂಡು ಜಗಳಕ್ಕೆ ಬಂದಿದ್ದಳು.

ಭಾವ ಮುಖವೆತ್ತಿ ಅವಳನ್ನು ನೋಡಿದರು. ಕೈ ತಾನಾಗಿ ಡಬ್ಬದ ಕಡೆ ಹೋಯಿತು. ಅತ್ಯಂತ ದಪ್ಪನೆಯ ಕುಂಚ ಎತ್ತಿಕೊಂಡು ಕಪ್ಪಿನಲ್ಲಿ ಅದ್ದಿ, ಅವಳ ಗೆರೆಯನ್ನು ಒಂದಿಷ್ಟೂ ಮುಟ್ಟದೆ, ಅವಳು ಮುಂದೆ ಹೋಗಬೇಕಾದ ದಾರಿಗೆ ಅಡ್ಡಲಾಗಿ, ಬಟ್ಟೆಯ ಅಂಚಿನಿಂದ ನಡುವಿನವರೆಗೆ ಒಂದು ಪಟ್ಟೆ ಎಳೆದುಬಿಟ್ಟರು. ಗೋಡೆ! ಕಾಲೆತ್ತಲಾರದವಳ ದಾರಿಗೆ ಅಡ್ಡ ಗೋಡೆ! ಬೆಂಚಿನಲ್ಲಿ ಒಬ್ಬ ಹೆಂಗಸು, "ಥೂ, ಎಂಥ ಮನುಷ್ಯ!" ಎಂದು ಗಟ್ಟಿಯಾಗಿಯೇ ಅಂದಳು.

ಅಕ್ಕ ನಕ್ಕಳು. ಒಂದು ವರ್ಷದಿಂದ ಒಳಗೆ ಕೂಡಿಹಾಕಿದ್ದ ನಗುವೆಲ್ಲ ಒಟ್ಟಿಗೆ ಬಂದ ಹಾಗೆ, ಭುಜ ಕುಣಿಸಿಕೊಂಡು ನಕ್ಕಳು. ಮಾತೇ ಇಲ್ಲದ ನಾಟಕದಲ್ಲಿ ಬಾಯಿ ಬಿಟ್ಟು, "ದಾರಿ ಬಿಡ್ರೀ!" ಎಂದಳು.

"ಬಿಡಲ್ಲ" ಎಂದರು ಭಾವ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಅಕ್ಕ ಬಲಗಾಲನ್ನು ಗೋಡೆಯ ಆಚೆಗೆ ಇಟ್ಟಳು. ಎಡಗಾಲನ್ನು ಹಸಿ ಕಪ್ಪಿನ ಮೇಲೆಯೇ ಎಳೆದುಕೊಂಡಳು. ಗೋಡೆ ನಡುವೆ ಕಿತ್ತುಹೋಯಿತು. ಅವಳ ನೀಲಿ ಗೆರೆ ಅವರ ಕಪ್ಪನ್ನೂ ಎಳೆದುಕೊಂಡು ಮುಂದಕ್ಕೆ ಹೋಯಿತು. ಭಾವ ಮಂಡಿಯ ಮೇಲೆ ಓಡಿ ಇನ್ನೊಂದು ಗೋಡೆ ಹಾಕಿದರು. ಅವಳು ಅದನ್ನೂ ಸೀಳಿದಳು. ಮುಂದೇನಾಯಿತೋ ನನಗೆ ಸರಿಯಾಗಿ ಕಾಣಲಿಲ್ಲ. ನಾನು ಅಳುತ್ತಾ ನುಡಿಸುತ್ತಿದ್ದೆ, ಏನು ನುಡಿಸಿದೆನೋ ಆ ದೇವರಿಗೇ ಗೊತ್ತು. ಅವಳು ಆ ತುದಿ ಮುಟ್ಟಿದಾಗ ಇಬ್ಬರಿಗೂ ಏದುಸಿರು.

ಹಗ್ಗದಣ್ಣ ಎಳೆದ. ಬಟ್ಟೆ ಮೇಲೇರಿ ತೊಲೆಗೆ ಒಂದು ಮೊಳ ಕೆಳಗೆ ನಿಂತಿತು. ಹೂವಿಲ್ಲ, ಎಲೆಯಿಲ್ಲ, ನೋಡಲು ಚಂದವೂ ಇಲ್ಲ. ದುಂಡನೆಯ ಹೆಜ್ಜೆಗಳು, ಅವುಗಳ ಪಕ್ಕದಲ್ಲಿ ಆ ನಡುಗುವ ಉದ್ದನೆಯ ಗೆರೆ, ಅಲ್ಲಲ್ಲಿ ಒಡೆದ ಗೋಡೆಗಳು, ಆಮೇಲೆ ಕಪ್ಪೂ ನೀಲಿಯೂ ಒಂದಾದ ಬಣ್ಣದಲ್ಲಿ ಕೊನೆಯವರೆಗೆ ಅದೇ ಗೆರೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ನೋಡುತ್ತಿದ್ದರು. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, ತನ್ನ ಎಡಗಾಲು ಬರೆದದ್ದನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ಓದಿದಳು. ಆಮೇಲೆ ಹಿಂದೆ ತಿರುಗಿ ಬೆಂಚುಗಳ ಕಡೆ ಒಮ್ಮೆ ನೋಡಿ, ದನಿಯೆತ್ತಿ ಕೂಗಿದಳು.

"ಹಗ್ಗದಣ್ಣಾ, ಇನ್ನೂ ಸ್ವಲ್ಪ ಮೇಲೆತ್ತು. ಹಿಂದಿನ ಸಾಲಿನವರಿಗೆ ಕಾಣಿಸ್ತಿಲ್ಲ."